ಹಳೆಯ ಲಘು ಸರಕು ವಾಹನಗಳ ಎತ್ತರ ತಗ್ಗಿಸುವಿಕೆ – ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಪಿಕಪ್ ಹಾಗೂ ಮಿನಿ ಟ್ರಕ್ ಎಂದು ರೂಢಿಯಲ್ಲಿ ಕರೆಯಲ್ಪಡುವ ಲಘು ಸರಕು ವಾಹನಗಳ ಕಮಾನು ಪಟ್ಟಿ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿ ವಾಹನದ ಎತ್ತರವನ್ನು ತಗ್ಗಿಸುವ ಬಗ್ಗೆ ಕಾನೂನಿನ ಉಪಬಂಧಗಳು, ಸುರಕ್ಷತಾ ಅಂಶಗಳು ಮತ್ತು ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ನೀಡಲಾಗಿದೆ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿ ಹಾಗೂ ನೆರೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ, ಈರುಳ್ಳಿ ಮುಂತಾದ ಉತ್ಪನ್ನಗಳನ್ನು ಮಾರುಕಟ್ಟೆಗೆ ಸಾಗಿಸಲು ಈ ವರ್ಗದ ವಾಹನಗಳೇ ಮುಖ್ಯ ಸಾಧನಗಳಾಗಿವೆ. ಒಂದು ವಾಹನವನ್ನೇ ನಂಬಿರುವ ಕುಟುಂಬಕ್ಕೆ ಅರ್ಹತಾ ಪತ್ರ ನಿರಾಕರಣೆಯಾದಲ್ಲಿ ದುಡಿಮೆಯೇ ನಿಲ್ಲುವುದರಿಂದ, ಗ್ಯಾರೇಜಿಗೆ ಹೋಗುವ ಮುನ್ನವೇ ಈ ಮಾಹಿತಿಯನ್ನು ಓದಿಕೊಳ್ಳುವುದು ಸೂಕ್ತ.

1. ಎತ್ತರ ತಗ್ಗಿಸುವಿಕೆ ಎಂದರೇನು?

ವಾಹನದ ಚಾಸಿಯು ಕಮಾನು ಪಟ್ಟಿ ಅಥವಾ ಸುರುಳಿ ಸ್ಪ್ರಿಂಗ್‌ಗಳ ಮೂಲಕ ಆಕ್ಸಲ್‌ಗಳ ಮೇಲೆ ನಿಂತಿರುತ್ತದೆ. ಚಾಸಿ ಮತ್ತು ಆಕ್ಸಲ್ ನಡುವಿನ ಅಂತರವನ್ನು ಕಡಿಮೆ ಮಾಡುವುದೇ ಎತ್ತರ ತಗ್ಗಿಸುವಿಕೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್‌ನಂತಹ ಮಿನಿ ಟ್ರಕ್‌ಗಳಲ್ಲಿ ಮುಂದೆಯೂ ಹಿಂದೆಯೂ ಕಮಾನು ಪಟ್ಟಿಗಳಿರುತ್ತವೆ. ಬೇರೆ ಕೆಲವು ಪಿಕಪ್‌ಗಳಲ್ಲಿ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಇರುತ್ತದೆ. ಸಾಮಾನ್ಯವಾಗಿ ಅನುಸರಿಸಲಾಗುವ ವಿಧಾನಗಳು ಈ ಕೆಳಗಿನಂತಿವೆ:

(ಅ) ಕಮಾನು ಪಟ್ಟಿಯ ಕಟ್ಟಿನಿಂದ ಒಂದು ಅಥವಾ ಹೆಚ್ಚು ಪಟ್ಟಿಗಳನ್ನು ತೆಗೆಯುವುದು.
(ಆ) ಪಟ್ಟಿಗಳ ಬಾಗನ್ನು ತೆಗೆಸಿ ಚಪ್ಪಟೆ ಮಾಡಿಸುವುದು.
(ಇ) ಪಟ್ಟಿಯು ಆಕ್ಸಲ್‌ನ ಕೆಳಗಿರುವ ವಾಹನಗಳಲ್ಲಿ ಇವೆರಡರ ನಡುವೆ ಕಬ್ಬಿಣದ ತುಂಡನ್ನು ಇರಿಸಿ, ಉದ್ದನೆಯ ಯು-ಬೋಲ್ಟ್ ಬಿಗಿಯುವುದು.
(ಈ) ಪಟ್ಟಿಯು ಆಕ್ಸಲ್‌ನ ಮೇಲಿರುವ ವಾಹನಗಳಲ್ಲಿ ಆಕ್ಸಲ್ ಅನ್ನು ಪಟ್ಟಿಯ ಮೇಲ್ಭಾಗಕ್ಕೆ ಸ್ಥಳಾಂತರಿಸುವುದು.
(ಉ) ಸುರುಳಿ ಸ್ಪ್ರಿಂಗ್ ಕತ್ತರಿಸುವುದು, ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದು ಅಥವಾ ಟಾರ್ಷನ್ ಬಾರ್ ಸಡಿಲಿಸುವುದು.
(ಊ) ತಯಾರಕರು ನಿಗದಿಪಡಿಸಿದ ಅಳತೆಗಿಂತ ಚಿಕ್ಕ ಟೈರು ಹಾಕಿಸುವುದು.

ಇವುಗಳಲ್ಲಿ (ಉ) ರಲ್ಲಿ ತಿಳಿಸಿರುವ ಕಾಯಿಸುವ ವಿಧಾನವು ಅತ್ಯಂತ ಅಪಾಯಕಾರಿ. ಸ್ಪ್ರಿಂಗ್ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರಲಾಗುತ್ತದೆ. ಕಾಯಿಸಿದಾಗ ಆ ಹದ ಕೆಟ್ಟು, ಸ್ಪ್ರಿಂಗ್ ಭಾರ ಬಿದ್ದಾಗ ಕುಸಿಯುತ್ತದೆ ಅಥವಾ ಮುರಿಯುತ್ತದೆ.

2. ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಈ ನಿರ್ಬಂಧವನ್ನು 2000ನೇ ಇಸವಿಯ ತಿದ್ದುಪಡಿಯ ಮೂಲಕ ಇಂದಿನ ರೂಪದಲ್ಲಿ ಸೇರಿಸಲಾಯಿತು. ವಾಹನದ ಮೂಲ ಲಕ್ಷಣವು ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ ಮಾರ್ಪಾಡು ಎಂದು ಸದರಿ ಪ್ರಕರಣದ ವಿವರಣೆಯಲ್ಲಿ ತಿಳಿಸಲಾಗಿದೆ.

ಸರ್ವೋಚ್ಚ ನ್ಯಾಯಾಲಯವು ಕೇರಳ ರಾಜ್ಯದಿಂದ ಬಂದ ಮೇಲ್ಮನವಿಯೊಂದರಲ್ಲಿ ದಿನಾಂಕ 9-1-2019ರಂದು ನೀಡಿದ ತೀರ್ಪಿನಲ್ಲಿ, ತಯಾರಕರ ಮೂಲ ನಿರ್ದಿಷ್ಟತೆಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಲು ಅವಕಾಶವಿಲ್ಲವೆಂದೂ, ನಿಯಮಗಳು ಅಧಿನಿಯಮಕ್ಕೆ ಅಧೀನವೆಂದೂ ಸ್ಪಷ್ಟಪಡಿಸಿದೆ.

ನೆಲದಿಂದ ಚಾಸಿಯ ಎತ್ತರವು ನೋಂದಣಿ ಪ್ರಮಾಣ ಪತ್ರದಲ್ಲಿ ಪ್ರತ್ಯೇಕವಾಗಿ ನಮೂದಾಗಿಲ್ಲ, ಆದ್ದರಿಂದ ಅದನ್ನು ಬದಲಿಸಬಹುದು ಎಂಬ ವಾದವನ್ನು ಕೆಲವು ಮಾಲೀಕರು ಮಂಡಿಸುವುದುಂಟು. ಆದರೆ ನಮೂದಿಲ್ಲದ ಮಾತ್ರಕ್ಕೆ ಅನುಮತಿ ಇದೆ ಎಂದು ಭಾವಿಸತಕ್ಕದ್ದಲ್ಲ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಂತೆ ಪ್ರತಿಯೊಂದು ಮಾದರಿಯ ವಾಹನವನ್ನು ತಯಾರಕರು ಮಾರಾಟಕ್ಕೆ ಮುನ್ನ ಅಧಿಕೃತ ಸಂಸ್ಥೆಯ ಪರೀಕ್ಷೆಗೆ ಒಪ್ಪಿಸಬೇಕು. ಪುಣೆಯಲ್ಲಿ 1966ರಲ್ಲಿ ಸ್ಥಾಪನೆಯಾದ ಭಾರತೀಯ ಆಟೋಮೋಟಿವ್ ಸಂಶೋಧನಾ ಸಂಘವು ಅಂತಹ ಸಂಸ್ಥೆಗಳಲ್ಲಿ ಒಂದು. ಬ್ರೇಕು, ಸ್ಟಿಯರಿಂಗ್, ದೀಪಗಳು ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದು ತಯಾರಕರು ನಿಗದಿಪಡಿಸಿದ ಎತ್ತರದಲ್ಲಿಯೇ ಹೊರತು ಬೇರೊಂದು ಎತ್ತರದಲ್ಲಿ ಅಲ್ಲ.

3. ದಂಡನೆಗಳು

(1) ಪ್ರಕರಣ 182ಎ (4): ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ 6 ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡೂ. ಈ ಉಪಬಂಧವು 2019ರ ತಿದ್ದುಪಡಿಯಿಂದ ಬಂದಿದ್ದು, ದಿನಾಂಕ 1-9-2019ರಿಂದ ಜಾರಿಯಲ್ಲಿದೆ.

(2) ಪ್ರಕರಣ 190 (1): ಅಪಾಯಕ್ಕೆ ಕಾರಣವಾಗುವ ದೋಷವಿದೆಯೆಂದು ತಿಳಿದೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸಿದಲ್ಲಿ ರೂ. 1,500ರವರೆಗೆ ದಂಡ. ಆ ದೋಷದಿಂದ ಅಪಘಾತವಾಗಿ ಶರೀರಕ್ಕೆ ಗಾಯ ಅಥವಾ ಆಸ್ತಿಗೆ ಹಾನಿಯಾದಲ್ಲಿ 3 ತಿಂಗಳವರೆಗೆ ಕಾರಾವಾಸ, ಅಥವಾ ರೂ. 5,000ದವರೆಗೆ ದಂಡ, ಅಥವಾ ಎರಡೂ.

(3) ಪ್ರಕರಣ 53: ಸಾರ್ವಜನಿಕರಿಗೆ ಅಪಾಯಕಾರಿಯಾದ ಸ್ಥಿತಿಯಲ್ಲಿರುವ ಅಥವಾ ಅಧಿನಿಯಮ ಮತ್ತು ನಿಯಮಗಳ ಅಗತ್ಯಗಳನ್ನು ಪೂರೈಸದ ವಾಹನದ ನೋಂದಣಿಯನ್ನು, ಮಾಲೀಕರಿಗೆ ಹೇಳಿಕೆ ನೀಡಲು ಅವಕಾಶ ಕೊಟ್ಟ ನಂತರ, ದೋಷಗಳು ಸರಿಯಾಗುವವರೆಗೆ ಅಮಾನತಿನಲ್ಲಿಡಬಹುದು.

(4) ಪ್ರಕರಣ 56: ಸಾರಿಗೆ ವಾಹನಕ್ಕೆ ಚಾಲ್ತಿಯಲ್ಲಿರುವ ಅರ್ಹತಾ ಪತ್ರ ಇಲ್ಲದಿದ್ದಲ್ಲಿ ಅದನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸಲಾಗುವುದಿಲ್ಲ.

4. ತಗ್ಗಿಸುವುದರಿಂದ ವಾಹನದಲ್ಲಿ ಆಗುವ ಬದಲಾವಣೆಗಳು

ಕಾನೂನಿನ ನಿರ್ಬಂಧಕ್ಕೆ ಕಾರಣಗಳಿವೆ. ಅವುಗಳನ್ನು ಮಾಲೀಕರು ಮತ್ತು ಚಾಲಕರು ತಿಳಿದಿರುವುದು ಅಗತ್ಯ.

(ಅ) ಪಟ್ಟಿಗಳ ಬಲ: ಸಮಾನ ದಪ್ಪದ 5 ಪಟ್ಟಿಗಳ ಕಟ್ಟಿನಿಂದ 1 ಪಟ್ಟಿಯನ್ನು ತೆಗೆದಲ್ಲಿ ಗಡಸುತನವು ಐದನೆಯ ಒಂದು ಭಾಗ ಕಡಿಮೆಯಾಗುತ್ತದೆ. ಉಳಿದ 4 ಪಟ್ಟಿಗಳು ಅದೇ ಭಾರವನ್ನು ಹೊರಬೇಕಾಗುವುದರಿಂದ ಪ್ರತಿ ಪಟ್ಟಿಯ ಮೇಲಿನ ಒತ್ತಡವು ಶೇ. 25ರಷ್ಟು ಏರುತ್ತದೆ. ಮೊದಲು ಪೂರ್ಣ ಭಾರಕ್ಕೆ 80 ಮಿ.ಮೀ. ಬಾಗುತ್ತಿದ್ದ ಕಟ್ಟು ಈಗ 100 ಮಿ.ಮೀ. ಬಾಗುತ್ತದೆ. ಅಂದರೆ ಖಾಲಿ ಇರುವಾಗ ತಗ್ಗಿದಂತೆ ಕಾಣುವ ವಾಹನವು ಭಾರ ಹೇರಿದಾಗ ಇನ್ನಷ್ಟು ತಗ್ಗುತ್ತದೆ.

(ಆ) ಕುಣಿತದ ಅವಕಾಶ: ಆಕ್ಸಲ್ ಮತ್ತು ಚಾಸಿಯ ನಡುವಿನ ರಬ್ಬರ್ ತಡೆಗೆ ಇದ್ದ ಅಂತರವು ಕಡಿಮೆಯಾಗುತ್ತದೆ. ಗುಂಡಿಯಲ್ಲಿ ಚಕ್ರ ಇಳಿದೆದ್ದಾಗ ಆಕ್ಸಲ್ ನೇರವಾಗಿ ಚಾಸಿಗೆ ಬಡಿಯುತ್ತದೆ. ಇಂತಹ ಹೊಡೆತಗಳಿಂದ ಹಳೆಯ ವಾಹನಗಳಲ್ಲಿ ತುಕ್ಕು ಹಿಡಿದ ಕಡೆ ಚಾಸಿ ಬಿರುಕು ಬಿಡುವ ಸಂಭವವಿರುತ್ತದೆ.

(ಇ) ಬ್ರೇಕು: ಕೆಲವು ಸರಕು ವಾಹನಗಳಲ್ಲಿ ಭಾರಕ್ಕೆ ಅನುಗುಣವಾಗಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ಕವಾಟವಿರುತ್ತದೆ. ಇದರ ಸರಳು ಚಾಸಿ ಮತ್ತು ಹಿಂದಿನ ಆಕ್ಸಲ್‌ಗೆ ಸೇರಿರುತ್ತದೆ. ಚಾಸಿ ತಗ್ಗಿದಾಗ ಕವಾಟವು ವಾಹನದಲ್ಲಿ ಭಾರವಿದೆಯೆಂದು ಗ್ರಹಿಸಿ ಹಿಂದಿನ ಚಕ್ರಗಳಿಗೆ ಹೆಚ್ಚಿನ ಒತ್ತಡ ಕಳುಹಿಸುತ್ತದೆ. ಖಾಲಿ ವಾಹನಕ್ಕೆ ಒಮ್ಮೆಲೆ ಬ್ರೇಕ್ ಹಾಕಿದಲ್ಲಿ ಹಿಂದಿನ ಚಕ್ರಗಳು ಬಿಗಿದು ವಾಹನವು ಅಡ್ಡಲಾಗಿ ತಿರುಗುತ್ತದೆ. ಮಳೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

(ಈ) ಸ್ಟಿಯರಿಂಗ್: ಸ್ಟಿಯರಿಂಗ್ ಸರಳುಗಳ ಕೋನ ಬದಲಾಗಿ, ಗುಂಡಿಗಳಲ್ಲಿ ಚಕ್ರ ಏರಿಳಿದಾಗ ವಾಹನವು ತಾನಾಗಿಯೇ ಒಂದು ಬದಿಗೆ ಎಳೆಯುತ್ತದೆ. ಟೈರುಗಳು ಒಂದು ಬದಿಯಲ್ಲಿ ಬೇಗ ಸವೆಯುತ್ತವೆ.

(ಉ) ದೀಪಗಳು: ಹಿಂಭಾಗವನ್ನು ಮಾತ್ರ ತಗ್ಗಿಸಿದಲ್ಲಿ ಮುಂದಿನ ದೀಪಗಳ ಬೆಳಕು ಮೇಲಕ್ಕೇರಿ ಎದುರಿನ ಚಾಲಕರ ಕಣ್ಣು ಕುಕ್ಕುತ್ತದೆ. ಮುಂಭಾಗವನ್ನು ಮಾತ್ರ ತಗ್ಗಿಸಿದಲ್ಲಿ ಬೆಳಕು ಹತ್ತಿರವೇ ಬಿದ್ದು, ರಾತ್ರಿ ಹೊತ್ತು ರಸ್ತೆಯಲ್ಲಿರುವ ದನಕರುಗಳು ಮತ್ತು ದೀಪವಿಲ್ಲದ ಗಾಡಿಗಳು ತಡವಾಗಿ ಕಾಣುತ್ತವೆ.

(ಊ) ರಸ್ತೆ ಉಬ್ಬುಗಳು: ಕಮಾನು ಪಟ್ಟಿಯ ವಾಹನವನ್ನು ತಗ್ಗಿಸಿದಾಗ ಆಕ್ಸಲ್‌ನ ಎತ್ತರ ಬದಲಾಗುವುದಿಲ್ಲ. ತಗ್ಗುವುದು ಚಾಸಿಗೆ ಬಿಗಿದಿರುವ ಗೇರ್‌ಬಾಕ್ಸ್, ಇಂಧನ ಟ್ಯಾಂಕು ಮತ್ತು ಸೈಲೆನ್ಸರ್ ಕೊಳವೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯಲ್ಲಿ ರಸ್ತೆ ಉಬ್ಬಿಗೆ 3.7 ಮೀ. ಅಗಲ ಮತ್ತು 10 ಸೆಂ.ಮೀ. ಎತ್ತರವನ್ನು ಸೂಚಿಸಲಾಗಿತ್ತು. ಇಂತಹ ಅಗಲವಾದ ಉಬ್ಬಿನ ಮೇಲೆ ಎರಡು ಆಕ್ಸಲ್‌ಗಳ ನಡುವೆ 2.1 ಮೀ. ಅಂತರವಿರುವ ವಾಹನದ ನಡುಭಾಗದಲ್ಲಿ ಸುಮಾರು 32 ಮಿ.ಮೀ. ಮಾತ್ರ ಅಂತರ ಕಡಿಮೆಯಾಗುತ್ತದೆ. ಆದರೆ ಅಗಲ ಕಡಿಮೆ ಇರುವ ಕಡಿದಾದ ಉಬ್ಬಿನಲ್ಲಿ ಅದರ ಪೂರ್ಣ ಎತ್ತರವೇ ಚಕ್ರಗಳ ನಡುವೆ ಬರುತ್ತದೆ. ನೆಲದಿಂದ 170 ಮಿ.ಮೀ. ಎತ್ತರದಲ್ಲಿದ್ದ ಕೊಳವೆಯು 75 ಮಿ.ಮೀ. ತಗ್ಗಿದಲ್ಲಿ ಉಳಿಯುವುದು 95 ಮಿ.ಮೀ. ಆದುದರಿಂದ 100 ಮಿ.ಮೀ. ಎತ್ತರದ ಉಬ್ಬು ಅದಕ್ಕೆ ತಗಲುವುದು ನಿಶ್ಚಿತ. ಭಾರ ಹೇರಿದ ವಾಹನದಲ್ಲಿ ಅಂತರ ಇನ್ನೂ ಕಡಿಮೆ ಇರುತ್ತದೆ.

5. ಹೊರದೇಶಗಳ ಪದ್ಧತಿಯ ಬಗ್ಗೆ

ಅಮೆರಿಕದಲ್ಲಿ ಹಳೆಯ ಚಿಕ್ಕ ಪಿಕಪ್‌ಗಳನ್ನು ತಗ್ಗಿಸಿ ಅಲಂಕರಿಸುವ ಹವ್ಯಾಸ ಹಲವು ದಶಕಗಳಿಂದ ಇದ್ದು, ಅದರ ಚಿತ್ರಗಳನ್ನು ನೋಡಿ ಯುವಕರು ಆಸಕ್ತರಾಗುವುದು ಸಹಜ. ಆದರೆ ಅಲ್ಲಿಯೂ ಮಿತಿಗಳಿವೆ. ಕ್ಯಾಲಿಫೋರ್ನಿಯ ರಾಜ್ಯದ ವಾಹನ ಸಂಹಿತೆಯು ವಾಹನದ ಯಾವುದೇ ಭಾಗ ಚಕ್ರದ ರಿಮ್‌ನ ಕೆಳ ಅಂಚಿಗಿಂತ ಕೆಳಗೆ ಇರುವಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಅಲ್ಲದೆ, ಆ ವಾಹನಗಳು ಬಹುಮಟ್ಟಿಗೆ ಹವ್ಯಾಸಕ್ಕಾಗಿ ಇರುವಂಥವು. ನಮ್ಮಲ್ಲಿ ಇದೇ ವರ್ಗದ ವಾಹನಗಳು ಸಾರಿಗೆ ವಾಹನಗಳಾಗಿ ನೋಂದಣಿಯಾಗಿ, ಪ್ರತಿದಿನ ಪೂರ್ಣ ಭಾರ ಹೊತ್ತು ಹಳ್ಳಿಯ ರಸ್ತೆಗಳಲ್ಲಿ ಸಂಚರಿಸುತ್ತವೆ. ಆದುದರಿಂದ ಎರಡನ್ನೂ ಒಂದೇ ರೀತಿ ನೋಡಲಾಗದು.

6. ಹೆಚ್ಚುವರಿ ಪಟ್ಟಿ ಹಾಕಿಸುವ ಬಗ್ಗೆ

ಎತ್ತರ ತಗ್ಗಿಸುವುದಕ್ಕೆ ವ್ಯತಿರಿಕ್ತವಾಗಿ, ಹೆಚ್ಚು ಚೀಲ ಹೇರುವ ಉದ್ದೇಶದಿಂದ ಕಮಾನಿಗೆ ಹೆಚ್ಚುವರಿ ಪಟ್ಟಿ ಸೇರಿಸುವುದೂ ಕಂಡುಬರುತ್ತದೆ. ಪಟ್ಟಿ ಸೇರಿಸಿದ ಮಾತ್ರಕ್ಕೆ ವಾಹನದ ಭಾರ ಸಹಿತ ಒಟ್ಟು ತೂಕದ ಮಿತಿ ಹೆಚ್ಚಾಗುವುದಿಲ್ಲ. ಬ್ರೇಕು, ಟೈರು, ಆಕ್ಸಲ್ ಮತ್ತು ಚಾಸಿಯ ಸಾಮರ್ಥ್ಯ ಮೊದಲಿನಷ್ಟೇ ಇರುತ್ತದೆ. ಮಿತಿಮೀರಿದ ಭಾರಕ್ಕೆ ಅಧಿನಿಯಮದ ಪ್ರಕರಣ 194ರಲ್ಲಿ ರೂ. 20,000 ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸಲಾಗಿದ್ದು, ಹೆಚ್ಚುವರಿ ಭಾರವನ್ನು ಇಳಿಸಿದ ನಂತರವೇ ವಾಹನ ಮುಂದೆ ಸಾಗಬೇಕು.

7. ಅನುಮತಿ ಇರುವ ಬದಲಾವಣೆಗಳು

(1) ಸವೆದ ಅಥವಾ ಮುರಿದ ಪಟ್ಟಿ, ಬುಶ್, ಶ್ಯಾಕಲ್, ಶಾಕ್ ಅಬ್ಸಾರ್ಬರ್‌ಗಳನ್ನು ಅದೇ ಮಾದರಿಗೆ ತಯಾರಕರು ನಿಗದಿಪಡಿಸಿದ ಬಿಡಿಭಾಗಗಳಿಂದ ಬದಲಿಸುವುದು. ಇದು ದುರಸ್ತಿಯೇ ಹೊರತು ಮಾರ್ಪಾಡಲ್ಲ.
(2) ನಿಯಮಾನುಸಾರ ಅನುಮೋದಿತವಾದ ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್ ಅಳವಡಿಕೆ.
(3) ನೋಂದಣಿ ಪ್ರಾಧಿಕಾರದ ಅನುಮತಿಯೊಂದಿಗೆ ಅದೇ ತಯಾರಿಕೆ ಮತ್ತು ಅದೇ ನಿರ್ದಿಷ್ಟತೆಯ ಎಂಜಿನ್ ಬದಲಾವಣೆ.
(4) ದೈಹಿಕ ನ್ಯೂನತೆಯುಳ್ಳ ವ್ಯಕ್ತಿಯ ಬಳಕೆಗಾಗಿ ವಾಹನವನ್ನು ಹೊಂದಿಸಿಕೊಳ್ಳುವುದು. ಇದಕ್ಕೆ ನಂತರದಲ್ಲಿ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಲು 2019ರ ತಿದ್ದುಪಡಿಯಲ್ಲಿ ಅವಕಾಶ ಕಲ್ಪಿಸಲಾಗಿದೆ.

ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಮಾರ್ಪಾಡು ಆಗಿದ್ದಲ್ಲಿ, ಮಾಲೀಕರು 14 ದಿನಗಳೊಳಗೆ ತಮ್ಮ ವಾಸಸ್ಥಳದ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣ ಪತ್ರ ಮತ್ತು ನಿಗದಿತ ಶುಲ್ಕವನ್ನು ಸಲ್ಲಿಸತಕ್ಕದ್ದು. ಕಂತು ಕರಾರಿನಲ್ಲಿರುವ ವಾಹನವನ್ನು ನೋಂದಾಯಿತ ಮಾಲೀಕರ ಲಿಖಿತ ಸಮ್ಮತಿಯಿಲ್ಲದೆ ಮಾರ್ಪಡಿಸುವಂತಿಲ್ಲ.

8. ಈಗಾಗಲೇ ತಗ್ಗಿಸಿರುವ ವಾಹನಗಳ ಮಾಲೀಕರು ಅನುಸರಿಸಬೇಕಾದ ಕ್ರಮ

8 ವರ್ಷ ಮೀರಿದ ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕಾಗಿದೆ. ನಿಯಮ 62ರಡಿ ಪರಿಶೀಲಿಸುವ ಅಂಶಗಳಲ್ಲಿ ಮುಂದಿನ ದೀಪಗಳ ಬೆಳಕು, ಬ್ರೇಕು, ಸ್ಟಿಯರಿಂಗ್ ಮತ್ತು ಸೈಲೆನ್ಸರ್ ಸೇರಿವೆ. ವಾಹನ ತಗ್ಗಿಸಿದಾಗ ಮೊದಲು ಕೆಡುವುದೂ ಇವೇ ಆಗಿವೆ. ಆದುದರಿಂದ ತಪಾಸಣೆಗೆ ಮುನ್ನ ಕೆಳಕಂಡ ಕ್ರಮ ಕೈಗೊಳ್ಳುವುದು ಸೂಕ್ತ:

(1) ತಯಾರಕರ ಕೈಪಿಡಿ ಅಥವಾ ಅಧಿಕೃತ ಸೇವಾ ಕೇಂದ್ರದಿಂದ ತಮ್ಮ ಮಾದರಿಯ ಪಟ್ಟಿಗಳ ಸಂಖ್ಯೆ ಮತ್ತು ಟೈರಿನ ಅಳತೆಯನ್ನು ಖಚಿತಪಡಿಸಿಕೊಳ್ಳುವುದು.
(2) ಎಡ ಮತ್ತು ಬಲ ಎರಡೂ ಬದಿಯ ಪಟ್ಟಿಗಳನ್ನು ಒಟ್ಟಿಗೇ ಮೂಲ ಸ್ಥಿತಿಗೆ ತರುವುದು. ಒಂದು ಬದಿಯನ್ನು ಮಾತ್ರ ಸರಿಪಡಿಸಿದಲ್ಲಿ ವಾಹನ ವಾಲುತ್ತದೆ.
(3) ಸೇರಿಸಿದ ಕಬ್ಬಿಣದ ತುಂಡುಗಳನ್ನು ತೆಗೆದು, ಹಳೆಯ ಯು-ಬೋಲ್ಟ್‌ಗಳನ್ನು ಮರುಬಳಕೆ ಮಾಡದೆ ಹೊಸದನ್ನು ಹಾಕಿಸುವುದು.
(4) ಚಾಸಿಯಲ್ಲಿ ಬಿರುಕು, ಬ್ರೇಕ್ ಕೊಳವೆಗಳಲ್ಲಿ ಉಜ್ಜಿದ ಗುರುತು ಇವೆಯೇ ಎಂದು ನೋಡುವುದು.
(5) ಬ್ರೇಕಿನ ಭಾರ ಕವಾಟ ಇದ್ದಲ್ಲಿ ಅದನ್ನು ಹೊಂದಿಸಿ, ಚಕ್ರಗಳ ಜೋಡಣೆ ಮತ್ತು ದೀಪಗಳ ಕೋನವನ್ನು ಸರಿಪಡಿಸುವುದು.
(6) ಬಿಡಿಭಾಗ ಮತ್ತು ಕೆಲಸದ ರಸೀದಿಗಳನ್ನು ಇಟ್ಟುಕೊಂಡು, ಅಗತ್ಯವಾದಲ್ಲಿ ಮೋಟಾರು ವಾಹನ ನಿರೀಕ್ಷಕರಿಗೆ ಹಾಜರುಪಡಿಸುವುದು.

9. ತೆಲಿಗಿ ಭಾಗದ ಮಾಲೀಕರಿಗೆ ವಿಶೇಷ ಸೂಚನೆ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಹೊಸದಾಗಿ ರಚನೆಯಾದ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಪುನಃ ಬಳ್ಳಾರಿ ಜಿಲ್ಲೆಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಈ ಕಾರಣದಿಂದ ಇಲ್ಲಿಯ ಹಳೆಯ ವಾಹನಗಳಲ್ಲಿ ದಾವಣಗೆರೆಯ ಕೆಎ-17, ಬಳ್ಳಾರಿಯ ಕೆಎ-34 ಮತ್ತು ಹೊಸಪೇಟೆಯ ಕೆಎ-35 ಸಂಖ್ಯೆಗಳು ಕಂಡುಬರುತ್ತವೆ. ಪ್ರಕರಣ 46ರಂತೆ ನೋಂದಣಿಯು ದೇಶದಾದ್ಯಂತ ಊರ್ಜಿತವಾಗಿರುತ್ತದೆ. ಆದಾಗ್ಯೂ ಅರ್ಜಿ ಸಲ್ಲಿಸುವ ಮುನ್ನ ನೋಂದಣಿ ಪ್ರಮಾಣ ಪತ್ರದಲ್ಲಿರುವ ಪ್ರಾಧಿಕಾರ ಮತ್ತು ವಿಳಾಸವನ್ನು ನೋಡಿಕೊಂಡು, ವಿಳಾಸ ಬದಲಾಗಿದ್ದಲ್ಲಿ ನಮೂನೆ 33ರಲ್ಲಿ ತಿಳಿಸತಕ್ಕದ್ದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚೀಲಗಳನ್ನು ಹೇರಲು ಸುಲಭವಾಗಲೆಂದು ಹಿಂಭಾಗವನ್ನು ಮಾತ್ರ ಸ್ವಲ್ಪ ತಗ್ಗಿಸಬಹುದೇ?
ಉತ್ತರ: ಇಲ್ಲ. ಹೇರಲು ಸುಲಭವಾಗುವ ಎತ್ತರದಲ್ಲಿ ಭಾರ ಹೊರುವ ಬಲ ಕಡಿಮೆಯಾಗುತ್ತದೆ. ಹೇರುವ ಹಲಗೆ ಅಥವಾ ಎತ್ತರದ ಕಟ್ಟೆಯನ್ನು ಬಳಸುವುದು ಸುರಕ್ಷಿತ.

ಪ್ರಶ್ನೆ: ಹಳೆಯ ವಾಹನ ಖರೀದಿಸಿದ ನಂತರ ಅದು ತಗ್ಗಿಸಿದ್ದೆಂದು ತಿಳಿದುಬಂದಿದೆ. ಹಿಂದಿನ ಮಾಲೀಕರು ಮಾಡಿದ ತಪ್ಪಿಗೆ ಈಗಿನ ಮಾಲೀಕರು ಹೊಣೆಯೇ?
ಉತ್ತರ: ಮಾರ್ಪಡಿಸಿದವರ ಹೊಣೆ ಬೇರೆ. ಆದರೆ ದೋಷವಿರುವುದು ತಿಳಿದೂ ವಾಹನ ಚಲಾಯಿಸುವ ಹೊಣೆ ಈಗಿನ ಮಾಲೀಕರು ಮತ್ತು ಚಾಲಕರದು. ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವವರೂ ಅವರೇ. ಆದುದರಿಂದ ನಮೂನೆ 29 ಮತ್ತು 30ಕ್ಕೆ ಸಹಿ ಮಾಡುವ ಮುನ್ನ ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡೂ ಬದಿಯ ಪಟ್ಟಿಗಳನ್ನು ಎಣಿಸಿ, ಬೆಸುಗೆಯ ಗುರುತುಗಳನ್ನು ಪರಿಶೀಲಿಸುವುದು ಒಳಿತು.

ಪ್ರಶ್ನೆ: ವಿಮೆಯ ಮೇಲೆ ಪರಿಣಾಮವಿದೆಯೇ?
ಉತ್ತರ: ವಾಹನವನ್ನು ಸುಸ್ಥಿತಿಯಲ್ಲಿಡುವುದು ಮತ್ತು ಮಹತ್ವದ ಬದಲಾವಣೆಗಳನ್ನು ವಿಮಾ ಕಂಪನಿಗೆ ತಿಳಿಸುವುದು ಮಾಲೀಕರ ಕರ್ತವ್ಯ. ತಿಳಿಸದೆ ಮಾಡಿದ ಮಾರ್ಪಾಡಿನ ಕಾರಣ ಸ್ವಂತ ವಾಹನದ ಹಾನಿಯ ಪರಿಹಾರ ಕಡಿತವಾಗುವ ಅಥವಾ ತಿರಸ್ಕೃತವಾಗುವ ಸಂಭವವಿದೆ.

ಪ್ರಶ್ನೆ: ವಾಹನ ಹಳೆಯದಾಗಿ ಪಟ್ಟಿಗಳು ತಾವಾಗಿಯೇ ಕುಸಿದಿವೆ. ಇದೂ ಅಪರಾಧವೇ?
ಉತ್ತರ: ಬಳಕೆಯಿಂದ ಕುಸಿದದ್ದು ಮಾರ್ಪಾಡಲ್ಲ. ಆದರೆ ಅದು ದೋಷವಾದುದರಿಂದ ದುರಸ್ತಿ ಮಾಡಿಸತಕ್ಕದ್ದು.

ಪ್ರಶ್ನೆ: ಅರ್ಹತಾ ಪತ್ರ ನಿರಾಕರಿಸಿದರೆ ಅಥವಾ ನೋಂದಣಿ ಅಮಾನತಾದರೆ ಮುಂದೇನು?
ಉತ್ತರ: ನಿರಾಕರಣೆಯ ಕಾರಣಗಳನ್ನು ಲಿಖಿತವಾಗಿ ಪಡೆದು, ದೋಷ ಸರಿಪಡಿಸಿ ಮತ್ತೆ ತಪಾಸಣೆಗೆ ಹಾಜರುಪಡಿಸಬಹುದು. ಆದೇಶವು ಸರಿಯಲ್ಲವೆಂದು ಕಂಡುಬಂದಲ್ಲಿ, ಆದೇಶದ ನೋಟೀಸು ತಲುಪಿದ 30 ದಿನಗಳೊಳಗೆ ಪ್ರಕರಣ 57ರಡಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಪ್ರಶ್ನೆ: ಜಾತ್ರೆಗೆ ಹೋಗುವ ಜನರು ಹತ್ತಿ ಇಳಿಯಲು ಅನುಕೂಲವಾಗಲೆಂದು ತಗ್ಗಿಸಬಹುದೇ?
ಉತ್ತರ: ಸರಕು ವಾಹನದಲ್ಲಿ ಪ್ರಯಾಣಿಕರನ್ನು ಸಾಗಿಸುವುದೇ ನಿಯಮಬಾಹಿರ. ಮೈಲಾರ, ಕೊಟ್ಟೂರು, ಉಚ್ಚಂಗಿದುರ್ಗ ಮುಂತಾದ ಕ್ಷೇತ್ರಗಳಿಗೆ ತೆರಳುವವರು ಬಸ್ಸು ಅಥವಾ ಪ್ರಯಾಣಿಕರ ಪರವಾನಗಿ ಇರುವ ವಾಹನಗಳನ್ನು ಬಳಸಲು ಕೋರಲಾಗಿದೆ.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಯಾವುದೇ ಸಂದೇಹ ಬಂದಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮ. ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ಸಲ್ಲಿಸುವ ದಿನದ ದರವನ್ನು ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳತಕ್ಕದ್ದು. ಅರ್ಜಿದಾರರು ಮಧ್ಯವರ್ತಿಗಳನ್ನು ಆಶ್ರಯಿಸದೆ ನೇರವಾಗಿ ಕಚೇರಿಯನ್ನು ಸಂಪರ್ಕಿಸಿ, ಪಾವತಿಸಿದ ಶುಲ್ಕಕ್ಕೆ ರಸೀದಿ ಪಡೆಯಬೇಕೆಂದು ಕೋರಲಾಗಿದೆ.